ಕಬ್ಬಿಣದಣ್ಣನ ಪಟಾಲಂ

ಬೆಳಗಿನ ಜಾವ ಐದೂಕಾಲು. ಬೈಲಕುಪ್ಪೆಯ ಹೊರಗೆ ಮುಸುಕಿನ ಜೋಳದ ಹೊಲದ ಅಂಚಿನಲ್ಲಿ ಒಬ್ಬ ಓಡಿಬರುತ್ತಿದ್ದ. ಮೈಗಂಟಿದ ಕರಿ ಚಡ್ಡಿ, ಗಿಣಿಹಸಿರು ಬನಿಯನ್ನು, ಹಣೆಗೆ ಕಟ್ಟಿದ ದೀಪ. ಡೇರಿಗೆ ಹಾಲಿನ ಕ್ಯಾನು ಹೊತ್ತು ಹೊರಟಿದ್ದ ಇಬ್ಬರು ಅವನನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು, ಕ್ಯಾನು ಅಲ್ಲೇ ಇಳಿಸಿ ಅವನ ಹಿಂದೆ ಓಡಿದರು. ಬೇಲಿ ಮರೆಯಲ್ಲಿ ಕೂತಿದ್ದ ಮೂರನೆಯವನು ಚೆಂಬನ್ನೂ ಬಿಟ್ಟು ಎದ್ದು ಓಡಿದ. ಅರ್ಧ ಫರ್ಲಾಂಗು ಹೋದ ಮೇಲೆ ಮುಂದಿದ್ದವನು ಏದುಸಿರಿನಲ್ಲೇ ಕೇಳಿದ:

"ಅಣ್ಣೋ, ಎಷ್ಟವೆ?"

"ಏನು ಎಷ್ಟು?"

"ಆನೆ ಕಣಣ್ಣ! ನಿನ್ನ ಅಟ್ಟಿಸ್ಕಂಡ್ ಬತ್ತಾ ಇರೋವು!"

"ಆನೆಯೂ ಇಲ್ಲ, ಏನೂ ಇಲ್ಲ. ನಾನು ಐರನ್‌ಮ್ಯಾನ್‌ಗೆ ಪ್ರಾಕ್ಟೀಸ್ ಮಾಡ್ತಿದ್ದೀನಿ ಕಣ್ರಪ್ಪಾ."

ನಾಗರಹೊಳೆಯ ಕಾಡಂಚಿನ ಊರುಗಳಲ್ಲಿ ಕಾರಣವಿಲ್ಲದೆ ಓಡುವುದು ಶಾಂತಿಭಂಗದ ಅಪರಾಧಕ್ಕೆ ಸಮ. ಆವತ್ತು ಆ ಮೂವರು ಏನೇನು ಬೈದರೋ ಅದನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವ ಹಾಗಿಲ್ಲ. ಆದರೆ ಅದರ ನಡುವೆಯೇ ನಮ್ಮ ಕಥಾನಾಯಕನಿಗೆ ನಾಮಕರಣವಾಯಿತು: ಕಬ್ಬಿಣದಣ್ಣ. ಮನೆಯಲ್ಲಿ ಅವನ ಹೆಂಡತಿ, ನಮಗೆಲ್ಲ ಅತ್ತಿಗೆ, ಅದಕ್ಕೊಂದು ವಿಶೇಷಣ ಸೇರಿಸಿಕೊಂಡರು. ಬೀದಿಯಲ್ಲಿ "ಹಳೇ ಕಬ್ಬಿಣ, ಹಳೇ ಪೇಪರ್" ಎಂದು ಕೂಗುವವನು ಬಂದಾಗಲೆಲ್ಲ ಒಳಗೆ ತಿರುಗಿ, "ರೀ, ನಿಮ್ಮನ್ನೇ ಕೇಳ್ತಾವ್ರೆ" ಅನ್ನುತ್ತಾರೆ.

ಹುಣಸೂರಿನಿಂದ ಕುಶಾಲನಗರದವರೆಗೆ ಹೆದ್ದಾರಿಯ ಯಾವ ಊರಲ್ಲಿ ಇಳಿದರೂ ಈಗ ಇಂಥವನೊಬ್ಬ ಸಿಗುತ್ತಾನೆ. ವಯಸ್ಸು ನಲವತ್ತು ದಾಟಿದೆ, ಐವತ್ತು ಮುಟ್ಟಿಲ್ಲ. ಹೊಟ್ಟೆ ಇದೆ, ಅದು ತನ್ನದಲ್ಲ, ತಾತ್ಕಾಲಿಕವಾಗಿ ಬಂದು ತಂಗಿರುವ ನೆಂಟ ಅನ್ನುತ್ತಾನೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು ಒಂದಿದೆ, ಒಂದೆಕರೆ ಶುಂಠಿ ಇದೆ. ಒಂದು ದಿನ ರಕ್ತ ಪರೀಕ್ಷೆಯ ಚೀಟಿಯಲ್ಲಿ ಸಕ್ಕರೆಯ ಅಂಕಿಯ ಕೆಳಗೆ ಡಾಕ್ಟರು ಕೆಂಪು ಗೆರೆ ಎಳೆದು, "ದಿನಾ ಅರ್ಧ ಗಂಟೆ ನಡೀರಿ" ಅಂದರು. ನಡೆಯುವುದು ಪೆನ್ಷನ್ ಬರುವವರ ಕೆಲಸ, ತನ್ನ ಘನತೆಗೆ ಸಾಲದು ಎಂದು ಇವನು ಯೋಚಿಸಿದ. ಡಾಕ್ಟರು ಹೇಳಿದ್ದು ಅರ್ಧ ಗಂಟೆ. ಇವನು ಹಿಡಿದುಕೊಂಡದ್ದು ಹದಿನೇಳು ಗಂಟೆ. ಪೂರ್ತಿ ಐರನ್‌ಮ್ಯಾನ್ ಅಂದರೆ 3.8 ಕಿಲೋಮೀಟರ್ ಈಜು, ಒದ್ದೆ ಮೈಯಲ್ಲೇ ಎದ್ದು 180 ಕಿಲೋಮೀಟರ್ ಸೈಕಲ್ಲು, ಇಳಿದ ಕೂಡಲೇ 42.2 ಕಿಲೋಮೀಟರ್ ಓಟ. ಒಟ್ಟು 226. ಹದಿನೇಳು ಗಂಟೆಯ ಗಡುವು. ಲೆಕ್ಕ ಹೀಗೆ ಹೇಳಿದರೆ ನಮ್ಮ ಕಡೆಯವರಿಗೆ ಅರ್ಥವಾಗುವುದಿಲ್ಲವೆಂದು ಅವನು ಬಿಡಿಸಿ ಹೇಳುತ್ತಾನೆ: "ಸೈಕಲ್ ಒಂದೇ ಅಂದ್ರೆ, ಕುಶಾಲನಗರದಿಂದ ಮೈಸೂರಿಗೆ ಹೋಗಿ ವಾಪಸ್ ಬಂದಂಗೆ." ಕೇಳಿದವರು, "ಬಸ್ಸು ನಿಂತ್ಹೋಗವಾ?" ಅನ್ನುತ್ತಾರೆ.

ಈ ಹುಚ್ಚು ಹುಟ್ಟಿದ್ದು ಹವಾಯಿಯಲ್ಲಿ. ಓಡುವವರು ಹೆಚ್ಚೋ ಈಜುವವರು ಹೆಚ್ಚೋ ಎಂಬ ಜಗಳ ಒಂದು ಓಟದ ಬಹುಮಾನ ಸಮಾರಂಭದಲ್ಲಿ ಹತ್ತಿಕೊಂಡಿತು. ಅಮೆರಿಕದ ನೌಕಾಪಡೆಯ ಜಾನ್ ಕಾಲಿನ್ಸ್ ಎಂಬಾತ, ಆ ದ್ವೀಪದಲ್ಲಿ ಮೊದಲೇ ಇದ್ದ ಮೂರು ಸ್ಪರ್ಧೆಗಳನ್ನು ಸಾಲಾಗಿ ಜೋಡಿಸಿ, ಮೂರನ್ನೂ ಒಂದೇ ದಿನ ಮಾಡಿ ತೋರಿಸಿ ಅಂದ. 1978ರ ಫೆಬ್ರವರಿ 18ರಂದು 15 ಜನ ಹೊರಟರು, 12 ಜನ ಮುಟ್ಟಿದರು. ಎರಡನೆಯವನಾಗಿ ಬಂದವನ ಕಡೆಯವರ ಬಳಿ ನೀರು ಮುಗಿದು, ದಾರಿಯಲ್ಲಿ ಬಿಯರ್ ಕುಡಿಸಿದರಂತೆ. ಓಡುವವರಿಗೆ ಹಂಚಿದ ಕಾಗದದಲ್ಲಿ ಮೂರೂ ದೂರಗಳನ್ನು ಬರೆದು, ಆಮೇಲೆ ಜೀವಮಾನವಿಡೀ ಜಂಬ ಕೊಚ್ಚಿಕೊಳ್ಳಬಹುದು ಎಂಬರ್ಥದ ಮಾತನ್ನೂ ಸೇರಿಸಿದ್ದರು. ನಮ್ಮ ಕಬ್ಬಿಣದಣ್ಣ ಈ ನಾಲ್ಕರಲ್ಲಿ ಕೊನೆಯದನ್ನು ಮೊದಲು ಕಲಿತ. 2024ರ ಅಕ್ಟೋಬರಿನಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಗೋವಾದಲ್ಲಿ ಇದರ ಅರ್ಧದಷ್ಟು ದೂರವನ್ನು, ಅಂದರೆ 1.9 ಕಿಲೋಮೀಟರ್ ಈಜು, 90 ಸೈಕಲ್ಲು, 21.1 ಓಟವನ್ನು, ಎಂಟೂವರೆ ಗಂಟೆಯೊಳಗೆ ಮುಗಿಸಿದ ಸುದ್ದಿ ಬಂದ ದಿನ, ಇವನು ಪತ್ರಿಕೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ನಾಲ್ಕು ಟೀ ಅಂಗಡಿ ಸುತ್ತಿದ. "ಅರ್ಧ ಅವರು ಮಾಡವ್ರೆ. ಪೂರ್ತಿ ಬಾಕಿ ಐತೆ" ಎಂದು ಹೇಳುವ ಧಾಟಿ ಹೇಗಿತ್ತೆಂದರೆ, ಉಳಿದರ್ಧಕ್ಕೆ ಸಂಸತ್ತು ಇವನ ಹೆಸರನ್ನೇ ಅಂಗೀಕರಿಸಿದಂತಿತ್ತು.

ಒಬ್ಬನೇ ಹುಚ್ಚನಾಗುವುದು ಕಷ್ಟ. ಆದ್ದರಿಂದ ಪಟಾಲಂ ಕೂಡಿತು. ಮೊದಲನೆಯವರು ಹಾಲಿನ ಸೊಸೈಟಿಯ ಸೆಕ್ರೆಟರಿ. ಜಗತ್ತಿನ ಯಾವ ಸಂಗತಿಗೂ ಜಮಾ, ಖರ್ಚು, ಬಾಕಿ ಎಂಬ ಮೂರು ಕಲಮು ಎಳೆಯುವವರು. ಎರಡನೆಯವನು ಕುಶಾಲನಗರದ ಮೆಡಿಕಲ್ ಸ್ಟೋರಿನವನು. ಹವಾಯಿಯ ಕತೆಯಲ್ಲಿ ಆ ಬಿಯರಿನ ಭಾಗವನ್ನು ಮಾತ್ರ ನೆನಪಿಟ್ಟುಕೊಂಡವನು. ಮೂರನೆಯವನು ಟಿಬೆಟನ್ ಗೆಳೆಯ, ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನಲ್ಲಿ ಮೊಮೊ, ಥುಕ್ಪಾ ಮಾಡುವ ಪುಟ್ಟ ಹೋಟೆಲಿನ ಯಜಮಾನ, ನಮ್ಮೆಲ್ಲರಿಗಿಂತ ಶುದ್ಧವಾಗಿ ಪಿರಿಯಾಪಟ್ಟಣದ ಕನ್ನಡ ಬೈಯಬಲ್ಲವನು. 1960ರ ದಶಕದ ಮೊದಲಲ್ಲಿ ಟಿಬೆಟಿನಿಂದ ಬಂದವರಿಗೆ ಮೈಸೂರು ಸರ್ಕಾರ ಇಲ್ಲಿ ಕಾಡಂಚಿನ ಭೂಮಿ ಕೊಟ್ಟಾಗ, ಇವನ ತಾತ ರಾತ್ರಿಯಿಡೀ ಡಬ್ಬ ಬಡಿದು ಆನೆ ಓಡಿಸುತ್ತಿದ್ದರಂತೆ. "ನಮ್ಮ ತಾತ ಆನೆ ಓಡಿಸ್ತಿದ್ರು. ನಾನು ಆನೆ ಇಲ್ದೆ ಓಡ್ತಾ ಇದ್ದೀನಿ. ವಂಶ ಇಳೀತಾ ಐತೆ" ಅನ್ನುತ್ತಾನೆ. ನಾಲ್ಕನೆಯವನು ನಾನು, ಹೈಸ್ಕೂಲಿನ ಕನ್ನಡ ಮೇಷ್ಟ್ರು. ಯಾರೋ ಒಬ್ಬರು ಕೊನೆಯವರಾಗಿ ಬರಬೇಕಲ್ಲ, ಅದಕ್ಕೆ.

ಮೊದಲ ಸಮಸ್ಯೆ ಈಜು. ಕಾವೇರಿ ಕೂಗಳತೆಯಲ್ಲೇ ಇದೆ. ಆದರೆ ಬಂಡೆ, ಸುಳಿ, ಸೆಳವು ಬಲ್ಲ ಊರಿನವರು ಹೊಳೆಯಲ್ಲಿ ದೂರದ ಈಜಿಗೆ ಇಳಿಯುವವನನ್ನು ಶೂರ ಅನ್ನುವುದಿಲ್ಲ, ಅವನ ಮನೆಯವರಿಗೆ ಹೇಳಿಕಳಿಸುತ್ತಾರೆ. ಹಾರಂಗಿ ಅಣೆಕಟ್ಟಿನ ನೀರು ನೋಡುವುದಕ್ಕೆ ಚೆಂದ, ಅಷ್ಟೇ. ಮೈಸೂರಿನ ಈಜುಕೊಳಕ್ಕೆ ಹೋಗಿಬರುವುದೆಂದರೆ ಅದೇ ಒಂದು ಐರನ್‌ಮ್ಯಾನ್. ಉಳಿದದ್ದು ಕಬ್ಬಿಣದಣ್ಣನ ತೋಟದ ಬಾವಿ. ಚಿಕ್ಕಂದಿನಲ್ಲಿ ಬೆನ್ನಿಗೆ ಒಣಸೋರೆ ಬುರುಡೆ ಕಟ್ಟಿಸಿಕೊಂಡು ಎಲ್ಲರೂ ಈಜು ಕಲಿತದ್ದು ಇಂಥ ಬಾವಿಯಲ್ಲೇ. ಸೆಕ್ರೆಟರಿ ಟೇಪು ಹಿಡಿದು ಅಳೆದರು. ಈ ದಡದಿಂದ ಆ ದಡಕ್ಕೆ ಹತ್ತು ಮೀಟರ್. ಅಂದರೆ 3.8 ಕಿಲೋಮೀಟರಿಗೆ 380 ಸಲ ದಾಟಬೇಕು.

380 ಎಣಿಸುವುದು ಹೇಗೆ? ಸೆಕ್ರೆಟರಿ ಉಪಾಯ ಮಾಡಿದರು. ಎರಡು ಪಾತ್ರೆ, ಒಂದರಲ್ಲಿ ಎಣಿಸಿಟ್ಟ 380 ಹುರಿಗಡಲೆ. ಈಜುವವನು ಒಮ್ಮೆ ದಡ ಮುಟ್ಟಿದರೆ ಒಂದು ಕಡಲೆ ಈ ಪಾತ್ರೆಯಿಂದ ಆ ಪಾತ್ರೆಗೆ. ಲೆಕ್ಕ ನೋಡಿಕೊಳ್ಳಲು ಮೆಟ್ಟಿಲ ಮೇಲೆ ಮೆಡಿಕಲ್‌ನವನನ್ನು ಕೂರಿಸಿದೆವು. ಕಬ್ಬಿಣದಣ್ಣ ಮುಳುಗಿದ, ಎದ್ದ, ಬಡಿದ, ತಿರುಗಿದ. ಒಂದೂವರೆ ಗಂಟೆಯಾದ ಮೇಲೆ, ತುಟಿ ನೀಲಿಯಾಗಿ, ಬೆರಳು ನೆನೆಸಿದ ಹುರುಳಿಯಂತಾಗಿ ದಡ ಹಿಡಿದುಕೊಂಡು, "ಎಷ್ಟಾಯ್ತು?" ಎಂದು ಕೇಳಿದ. ಈ ಪಾತ್ರೆಯಲ್ಲಿ ನಾಲ್ಕು ಕಾಳಿದ್ದವು. ಆ ಪಾತ್ರೆಯಲ್ಲಿ ಆರಿದ್ದವು. ಮೆಡಿಕಲ್‌ನವನ ಬಾಯಿ ಆಡುತ್ತಿತ್ತು.

"ಲೆಕ್ಕಕ್ಕೆ ಹತ್ತು ಸಿಗ್ತಾವೆ. ಬಾಕಿ 370 ಎಲ್ಲಿ ಹೋದವು?" ಸೆಕ್ರೆಟರಿ ವಿಚಾರಣೆ ಶುರುಮಾಡಿದರು.

"ಚೂರು ಉಪ್ಪಿತ್ತು ಸಾ, ಗೊತ್ತಾಗ್ಲಿಲ್ಲ."

ಆವತ್ತು ಕಬ್ಬಿಣದಣ್ಣ ಈಜಿದ್ದು ಎಷ್ಟೆಂದು ಇವತ್ತಿಗೂ ಇತ್ಯರ್ಥವಾಗಿಲ್ಲ. ಅವನು 380 ಅನ್ನುತ್ತಾನೆ. ಸೆಕ್ರೆಟರಿಯ ಪುಸ್ತಕದಲ್ಲಿ ಜಮಾ ಆಗಿರುವುದು ಆರು.

ಎರಡನೆಯದು ಸೈಕಲ್ಲು. ಅದು ಕಬ್ಬಿಣದಣ್ಣನ ಮನೆಗೆ ಬಂದ ದಿನ ಅವರಪ್ಪ ಜಗಲಿಯಿಂದ ಇಳಿದು ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಒಂದೇ ಕೈಯಲ್ಲಿ ಎತ್ತಿ ತೂಗಿ ನೋಡಿದರು.

"ಎಷ್ಟಾಯ್ತ್ಲಾ ಇದ್ಕೆ?"

"ಎಂಟು ಸಾವ್ರ ಕಣಪ್ಪ."

"ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ, ಮಡ್‌ಗಾರ್ಡಿಲ್ಲ, ಗಂಟೆ ಇಲ್ಲ. ಯಾವೋನೋ ಎಲ್ಲ ಬಿಚ್ಕಂಡು ಬರೀ ಮೂಳೆ ಮಾರವ್ನೆ ನಿಂಗೆ. ಎಂಟು ಸಾವ್ರ ಜಾಸ್ತಿಯಾಯ್ತು."

ನಿಜವಾದ ಬೆಲೆಗೆ ಚುಂಚನಕಟ್ಟೆ ಜಾತ್ರೆಯಲ್ಲಿ ಒಂದು ಜೊತೆ ಒಳ್ಳೆ ಎತ್ತು ಹೊಡೆದುಕೊಂಡು ಬರಬಹುದಿತ್ತು, ಮೇಲೆ ಹಗ್ಗ, ಮೂಗುದಾರ, ಬತ್ತಾಸು ಕೂಡ. ಆ ರಹಸ್ಯ ಮೂರು ತಿಂಗಳು ಭದ್ರವಾಗಿತ್ತು. ಒಂದು ಸಂಜೆ ಅಂಗಡಿಯ ರಸೀದಿ ಒಗೆಯಲು ಹಾಕಿದ ಪ್ಯಾಂಟಿನ ಜೇಬಿನಿಂದ ಅತ್ತಿಗೆಯ ಕೈಗೆ ಸಿಕ್ಕಿತು. ಅವನ ಕೈಗಡಿಯಾರ ನಾಡಿಮಿಡಿತವನ್ನು ಬರೆದಿಟ್ಟುಕೊಳ್ಳುತ್ತದೆ. ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಮೂರು ಸಾವಿರಕ್ಕೂ ಮಿಕ್ಕ ಮೆಟ್ಟಿಲನ್ನು ಓಡಿ ಹತ್ತಿದ ದಿನವೂ ಮುಟ್ಟದ ಎತ್ತರವನ್ನು ಅವನ ಎದೆ ಆ ಸಂಜೆ ಮುಟ್ಟಿತ್ತು. ಸ್ಥಳ: ಅಡುಗೆಮನೆ. ಚಲಿಸಿದ ದೂರ: ಸೊನ್ನೆ.

ಇನ್ನು ಆಹಾರ. ದೂರದ ಸ್ಪರ್ಧೆಗಳವರು ದಾರಿಯಲ್ಲಿ ಸಕ್ಕರೆ ಪಾಕದಂಥ ಜೆಲ್ಲಿನ ಪೊಟ್ಟಣಗಳನ್ನು ಹರಿದು ನುಂಗುತ್ತಾರೆ. ಮೈ ಕೂಡಿಟ್ಟುಕೊಂಡ ಸಕ್ಕರೆ ಗಂಟೆಗಟ್ಟಲೆ ದುಡಿದಾಗ ತೀರಿಹೋಗುತ್ತದೆ, ಅದಕ್ಕೆ. ಕಬ್ಬಿಣದಣ್ಣ ಅಂಥವು ಒಂದು ಡಬ್ಬ ತರಿಸಿ ಗೂಡಿನಲ್ಲಿಟ್ಟ. ಮೂರನೆಯ ದಿನ ಅವರವ್ವ ಮಂಚದ ಮೇಲೆ ಕಾಲು ಚಾಚಿ ಕೂತು ಗೊಣಗುತ್ತಿದ್ದರು: "ಅದೇನ್ ಮುಲಾಮು ತಂದಿದ್ದೀಯೋ ಕಾಣೆ. ಮಂಡಿನೋವು ಹಂಗೇ ಐತೆ, ಮೇಲಿಂದ ರಾತ್ರಿಯೆಲ್ಲಾ ಇರುವೆ ಮುತ್ಕಂಡಿದ್ವು." ಅಲ್ಲಿಗೆ ಜೆಲ್ಲಿನ ಅಧ್ಯಾಯ ಮುಗಿಯಿತು. ಈಗ ಪಟಾಲಮ್ಮಿನ ಕೈಯಲ್ಲಿರುವುದು ಕಡಲೆಮಿಠಾಯಿ. ಓಟ ಮುಗಿದ ಮೇಲೆ ಟಿಬೆಟನ್ ಗೆಳೆಯನ ಹೋಟೆಲಿನ ಬೆಂಚು, ಹಬೆಯಾಡುವ ಥುಕ್ಪಾ, ಸೆಕ್ರೆಟರಿಗೆ ಮಾತ್ರ ಈರುಳ್ಳಿ ಇಲ್ಲದ ಮೊಮೊ. ಸುಟ್ಟ ಶಕ್ತಿ ಎಷ್ಟು, ತಿಂದದ್ದು ಎಷ್ಟು ಎಂದು ಸೆಕ್ರೆಟರಿ ಒಮ್ಮೆ ತಾಳೆ ಹಾಕಿದರು. ಜಮಾ ಜಾಸ್ತಿ ಬಂತು. ಆ ಹಾಳೆಯನ್ನು ಮೆಡಿಕಲ್‌ನವನು ಕೈ ಒರೆಸಿಕೊಳ್ಳಲು ಬಳಸಿದ.

ಓಟದ ದಾರಿ ಕ್ಯಾಂಪಿನೊಳಗೆ. ಪ್ರಾರ್ಥನೆಯ ಬಣ್ಣದ ಬಾವುಟಗಳ ಕೆಳಗೆ, ಕೆಂಪುಡುಗೆಯ ಹುಡುಗ ಸನ್ಯಾಸಿಗಳು ಹಲ್ಲುಜ್ಜುತ್ತ ನಿಂತಿರುವಾಗ, ಐದು ಜನ ಅಡ್ಡಾದಿಡ್ಡಿ ಓಡುವುದು. ದೇವಾಲಯದ ಸುತ್ತ ಬೆಳಿಗ್ಗೆ ಹಿರಿಯರು ಜಪಮಣಿ ಹಿಡಿದು ಪ್ರದಕ್ಷಿಣೆ ಬರುತ್ತಾರೆ. ಅದಕ್ಕೆ ಕೋರಾ ಅನ್ನುತ್ತಾರೆ. ಅಲ್ಲೊಬ್ಬ ಅಜ್ಜಿ. ನಮ್ಮ ಗೆಳೆಯ 'ಮೋಲಾ' ಎಂದು ಕರೆಯುವುದನ್ನು ಕೇಳಿ ನಾವೂ ಮೋಲಾ ಅನ್ನುತ್ತೇವೆ. ಕಬ್ಬಿಣದಣ್ಣ ಅವರನ್ನು ದಿನಕ್ಕೆ ಮೂರು ಸಲವಾದರೂ ಹಿಂದೆ ಹಾಕುತ್ತಿದ್ದ. ಇವನು ಮಹಾ ಭಕ್ತನೆಂದು ಮೋಲಾ ತಿಳಿದಿದ್ದರು. ಒಂದು ದಿನ ತಡೆದು ನಿಲ್ಲಿಸಿ, ಕೈ ಹಿಡಿದು, ತಮ್ಮ ಮುರುಕು ಕನ್ನಡದಲ್ಲಿ ಹೇಳಿದರು: "ಇಷ್ಟ್ ಜೋರು ಬೇಡ ಮಗ. ಪುಣ್ಯ ನಿಧಾನಕ್ಕೂ ಬರ್ತದೆ."

ಅವನಿಗೆ ಅದು ನಾಟಿತು. ಯಾಕೆಂದರೆ ದೂರದ ಓಟ ಕಲಿಸುವವರೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಾರೆ. ತರಬೇತಿಯ ಬಹುಪಾಲು ಹಗುರವಾಗಿರಬೇಕು. ಹಗುರ ಯಾವುದೆಂದು ತಿಳಿಯಲು ಯಂತ್ರ ಬೇಡ. ಪಕ್ಕದವನ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಉಸಿರಿದ್ದರೆ ಅದೇ ಸರಿಯಾದ ವೇಗ. ಹೊಗೆಸೊಪ್ಪು ಬೇಯಿಸುವವರಿಗೆ ಇದು ಗೊತ್ತಿರುವ ವಿದ್ಯೆಯೇ. ಬ್ಯಾರನ್ನಿನ ಕಾವನ್ನು ಮೊದಲ ದಿನವೇ ಏರಿಸಿದರೆ ಎಲೆ ಕೆಟ್ಟಿತು. ದಿನಗಟ್ಟಲೆ ನಿಧಾನಕ್ಕೆ ಏರಿಸಿದರೆ ಬಂಗಾರದ ಬಣ್ಣ. ಓಡುತ್ತ ಮಾತಾಡಿ ನೋಡುವ ಈ ಪರೀಕ್ಷೆಯ ಸಂಗತಿ ತಿಳಿದ ದಿನ ಪಟಾಲಮ್ಮಿನಲ್ಲಿ ಎದ್ದ ಸಂಭ್ರಮ ಹೇಳತೀರದು. ಹುಟ್ಟಿದಾಗಿನಿಂದ ನಾವು ಮಾಡಿಕೊಂಡು ಬಂದದ್ದು ಮಾತೊಂದೇ. ಅರಳಿಕಟ್ಟೆಯ ಹರಟೆಗೆ ಷೂ ಹಾಕಿದರೆ ಅದು ಕ್ರೀಡೆಯಾಗುತ್ತದೆಂದು ಮೊದಲೇ ಯಾರಾದರೂ ಹೇಳಿದ್ದರೆ, ನಮ್ಮ ಸುತ್ತಲಿನ ತಾಲೂಕುಗಳು ಇಷ್ಟು ಹೊತ್ತಿಗೆ ದೇಶಕ್ಕೆ ಪದಕಗಳ ಮೂಟೆ ಹೊರುತ್ತಿದ್ದವು.

ಅಲ್ಲಿಂದ ನಮ್ಮ ಓಟದ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದು ನಿಂತಿತು. ಸೆಕ್ರೆಟರಿಯ ಅತ್ತೆಮನೆಯ ಆಸ್ತಿ ಪಾಲು ಆರು ಕಿಲೋಮೀಟರ್. ಶುಂಠಿಯ ಕೊಳೆರೋಗ ಎಂಟು. ಮೆಡಿಕಲ್‌ನವನ ಮಗಳು ಮದುವೆಗೆ ಒಪ್ಪದ ಕತೆ ಕುಶಾಲನಗರದ ಸೇತುವೆಯಲ್ಲಿ ಶುರುವಾಗಿ ಹಾರಂಗಿಯವರೆಗೆ ಬಂತು. ಅವನು ಅಳುತ್ತಿದ್ದನೋ ಬೆವರುತ್ತಿದ್ದನೋ ಯಾರಿಗೂ ತಿಳಿಯಲಿಲ್ಲ, ಯಾರೂ ಕೇಳಲಿಲ್ಲ. ಎದುರುಬದುರು ಕೂತು ಹೇಳಲಾಗದ್ದನ್ನು ಪಕ್ಕಪಕ್ಕ ಓಡುತ್ತ ಹೇಳಬಹುದು. ಮುಖ ನೋಡಬೇಕಾಗಿಲ್ಲ.

ಸ್ಪರ್ಧೆ ಯಾವಾಗ? ಅದೊಂದನ್ನು ಕೇಳಬಾರದು. ಕಬ್ಬಿಣದಣ್ಣನ ಬಳಿ ಪಂಚಾಂಗವಿದೆ. ಏಪ್ರಿಲ್, ಮೇನಲ್ಲಿ ಮದುವೆಗಳು, ಜೊತೆಗೆ ಹೊಗೆಸೊಪ್ಪಿನ ನಾಟಿ. ಜೂನ್, ಜುಲೈ ಮಳೆ. ಆಗಸ್ಟ್, ಸೆಪ್ಟೆಂಬರ್ ಸೊಪ್ಪು ಮುರಿದು ಬೇಯಿಸುವ ಕಾಲ; ರಾತ್ರಿಯಿಡೀ ಬ್ಯಾರನ್ನಿನ ಒಲೆ ಕಾಯಬೇಕು. ಅಕ್ಟೋಬರ್ ದಸರಾ. ಆಮೇಲೆ ಕಂಪಲಾಪುರದಲ್ಲಿ ಸೊಪ್ಪಿನ ಹರಾಜು; ಕೇಜಿಗೆ ಎಷ್ಟು ಬಿತ್ತೆಂಬ ಚಿಂತೆಯಲ್ಲಿ ಕಾಲು ಏಳುವುದಿಲ್ಲ. ಚಳಿಗಾಲದಲ್ಲಿ ಟಿಬೆಟನ್ ಗೆಳೆಯ ಅಣ್ಣನ ಜೊತೆ ಸ್ವೆಟರ್ ಮಾರಲು ಊರೂರು ಸುತ್ತುತ್ತಾನೆ. ಅವನಿಲ್ಲದೆ ಹೋಗುವುದು ಸ್ನೇಹಧರ್ಮವಲ್ಲ. ಜನವರಿಯಲ್ಲಿ ಚುಂಚನಕಟ್ಟೆ ಜಾತ್ರೆ. ಫೆಬ್ರವರಿ, ಮಾರ್ಚ್‌ನಲ್ಲಿ ಟಿಬೆಟನ್ನರ ಹೊಸವರ್ಷ ಲೋಸಾರ್, ನಮ್ಮ ಯುಗಾದಿ. ಹನ್ನೆರಡು ತಿಂಗಳಲ್ಲಿ ಐರನ್‌ಮ್ಯಾನ್‌ಗೆ ಹೊಂದುವ ತಿಂಗಳು ಒಂದೂ ಇಲ್ಲ.

ಆದರೂ ಕಳೆದ ಲೋಸಾರ್ ಮುಗಿದ ಮೇಲೊಂದು ಭಾನುವಾರ ನಾವೇ ನಮಗೊಂದು ಅರ್ಧ ಐರನ್‌ಮ್ಯಾನ್ ಏರ್ಪಡಿಸಿಕೊಂಡೆವು. ಗಡುವು ಎಂಟೂವರೆ ಗಂಟೆ. ಬಾವಿಯಲ್ಲಿ ತಲಾ 190 ದಾಟು. ಈ ಸಲ ಎಣಿಕೆಗೆ ಹುಣಸೆಬೀಜ, ಹುರಿಯದ್ದು. ಸೈಕಲ್ಲು ಬೈಲಕುಪ್ಪೆಯಿಂದ ಹುಣಸೂರಿಗೆ ಹೋಗಿ ವಾಪಸು, ಸುಮಾರು 80. ಕಡಿಮೆ ಬಿದ್ದದ್ದಕ್ಕೆ ಕುಶಾಲನಗರ ದಾಟಿ ಸ್ವಲ್ಪ. ಪಿರಿಯಾಪಟ್ಟಣದ ಈಚೆಗೆ ನನ್ನ ಸೈಕಲ್ಲಿನ ಗಾಳಿ ಹೋಯಿತು. ನಾಲ್ವರೂ ನಿಂತರು. "ನೀವು ಹೋಗಿ" ಅಂದೆ. ಯಾರೂ ಹೋಗಲಿಲ್ಲ. ಪಂಕ್ಚರ್ ಹಾಕಲು ಬೇಕಾದದ್ದು ಹತ್ತು ನಿಮಿಷ, ಹೇಗೆ ಹಾಕಬೇಕೆಂಬ ಚರ್ಚೆಗೆ ಐವತ್ತು. ಅಷ್ಟರಲ್ಲಿ ದಾರಿಬದಿಯ ಮನೆಯೊಂದರ ನಾಮಕರಣದಿಂದ ಕರೆ ಬಂತು. ಕಬ್ಬಿಣದಣ್ಣನ ದಾಯಾದಿಗಳ ಬೀಗರಂತೆ. ಕರಿ ಚಡ್ಡಿಯಲ್ಲೇ ಎಲೆ ಮುಂದೆ ಕೂತೆವು. ಮಗುವಿಗೆ ಮುಯ್ಯಿ ಮಾಡಲು ಯಾರ ಬಳಿಯೂ ಜೇಬಿರಲಿಲ್ಲ. ಹೋಳಿಗೆ ಎರಡೆರಡು. ಆಮೇಲೆ ಇಳಿಹೊತ್ತಿನಲ್ಲಿ 21 ಕಿಲೋಮೀಟರ್ ಓಟ. ಕೊನೆಯ ಮೂರನ್ನು, ಮೀನಖಂಡ ಹಿಡಿದುಕೊಂಡ ಸೆಕ್ರೆಟರಿಯನ್ನು ನಡುವೆ ಹಾಕಿಕೊಂಡು, ಮೋಲಾ ನಡೆಯುವ ವೇಗದಲ್ಲೇ ಮುಗಿಸಿದೆವು.

ಒಟ್ಟು ಹದಿನಾಲ್ಕು ಗಂಟೆ. "ನಿಂತು ಮಾತಾಡಿದ್ದು, ಉಂಡದ್ದು ಐದು ಗಂಟೆ. ಅದನ್ನ ಕಳೀರಿ" ಎಂದ ಕಬ್ಬಿಣದಣ್ಣ. ಸೆಕ್ರೆಟರಿ ಕಳೆದರು. "ಒಂಬತ್ತು. ಗಡುವು ಮೀರಿ ಅರ್ಧ ಗಂಟೆ ಬಾಕಿ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಬಾಕಿ ಮುಂದಿನ ಸಾಲಿಗೆ ಹೋಗಿದೆ. ಅದನ್ನು ತೀರಿಸಲು ಈ ವರ್ಷವೂ ತರಬೇತಿ ನಡೆಯಲೇಬೇಕು; ಅದೇ ಎಲ್ಲರಿಗೂ ಸಮಾಧಾನ. ಅಂದಹಾಗೆ, ಹೋದ ತಿಂಗಳ ರಕ್ತ ಪರೀಕ್ಷೆಯ ಚೀಟಿಯಲ್ಲಿ ಡಾಕ್ಟರು ಕೆಂಪು ಗೆರೆ ಎಳೆಯಲಿಲ್ಲ. ಅದಕ್ಕೆ ಕಬ್ಬಿಣದಣ್ಣ ತನ್ನ ತರಬೇತಿ ಕಾರಣ ಅನ್ನುತ್ತಾನೆ, ಅತ್ತಿಗೆ ಮಾತ್ರ ತಾನು ಮಾಡಿ ಹಾಕುವ ರಾಗಿಮುದ್ದೆ ಕಾರಣ ಅನ್ನುತ್ತಾರೆ.

ಓದುಗರಲ್ಲಿ ಒಂದು ವಿನಂತಿ. ಯಾವತ್ತಾದರೂ ಬೆಳಗಿನ ಜಾವ ನೀವು ಬೈಲಕುಪ್ಪೆಯ ಕಡೆ ಬಂದಾಗ, ಐದು ಜನ ಗಂಡಸರು ಹಣೆಗೆ ದೀಪ ಕಟ್ಟಿಕೊಂಡು ಎದುರು ಓಡಿಬರುತ್ತಿದ್ದರೆ ಮೊದಲು ಕಿವಿಗೊಡಿ. ಶುಂಠಿಯ ರೇಟು, ಸೊಸೆಯ ಸ್ವಭಾವ, ಸರ್ಕಾರದ ಸ್ಥಿತಿಗತಿ ಕೇಳಿಬಂದರೆ ಅದು ನಮ್ಮ ಪಟಾಲಂ. ಗಾಬರಿಯಾಗಬೇಡಿ, ದಾರಿ ಬಿಡಿ. ಐವರೂ ಮಾತಿಲ್ಲದೆ ಓಡುತ್ತಿದ್ದರೆ ಮಾತ್ರ ಏನೂ ಕೇಳದೆ ನೀವೂ ಹಿಂದಕ್ಕೆ ತಿರುಗಿ ಓಡಿ. ಆವತ್ತು ಆನೆ ಬಂದಿದೆ ಎಂದೇ ಅರ್ಥ.